ಮೂರನೇ ತರಗತಿಯ ಸೀಮೆಸುಣ್ಣ

ಶಾಲೆಯ ಕಸ ಗುಡಿಸಿ, ಹೊತ್ತು ಹೊತ್ತಿಗೆ ಗಂಟೆ ಬಾರಿಸುವ ಆಕೆಯನ್ನು ಮಕ್ಕಳೆಲ್ಲ ಗಂಟೆಯಜ್ಜಿ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ವರ್ಷ ಕೆಲಸಕ್ಕೆ ಸೇರಿದವಳು. ಇಪ್ಪತ್ತೆರಡು ವರ್ಷದಲ್ಲಿ ರಜೆ ಹಾಕಿದ್ದು ಒಂಬತ್ತೇ ದಿನ.

ಆ ವರ್ಷ ಹೊಸ ನಿಯಮ ಬಂದಿತ್ತು. ಊರಿನ ಯಾವ ಸರ್ಕಾರಿ ಶಾಲೆ ಬೇಕೋ ಅದನ್ನು ತಂದೆತಾಯಿಯೇ ಆರಿಸಬಹುದು. ಒಂದನೇ ತರಗತಿಗೆ ಇಪ್ಪತ್ತು ಅರ್ಜಿ ಬಾರದ ಶಾಲೆಗೆ ಬೀಗ. ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ದೊಡ್ಡ ಮೇಡಂ ಮೇಜಿನ ಮೇಲಿದ್ದದ್ದು ಹತ್ತೊಂಬತ್ತು. ಐದಕ್ಕೆ ಶಿಕ್ಷಣ ಇಲಾಖೆಯ ಕಚೇರಿಯವನು ಬಂದು ಅರ್ಜಿಗಳನ್ನು ಒಯ್ಯುವವನಿದ್ದ.

"ಯಾರಾದ್ರೂ ಬಂದ್ರೆ ನಗ್ತಾ ಮಾತಾಡಿ ಅಜ್ಜೀ. ನಿಮ್ಮ ಮೋರೆ ನೋಡಿ ಓಡಿ ಹೋದಾರು."

"ನಗೋಕೆ ಹಲ್ಲೆಲ್ಲಿ ಉಳಿದಿವೆ ಮೇಡಂ?"

ನಾಲ್ಕು ಗಂಟೆಗೆ ಇಸ್ತ್ರಿ ಅಂಗಡಿಯ ಹೆಂಗಸು ಮಗಳ ಕೈ ಹಿಡಿದುಕೊಂಡು ಬಂದಳು. ನಲ್ಲಿ ತಿರುಗಿಸಿ ನೋಡಿದಳು, ಶೌಚಾಲಯಕ್ಕೆ ಇಣುಕಿದಳು. ಅರ್ಜಿ ತುಂಬಿ, ಸಹಿ ಹಾಕುವ ಮುಂಚೆ ತಲೆ ಎತ್ತಿದಳು.

"ಅಜ್ಜೀ, ನಿಮ್ಮನೇಲೂ ಮಕ್ಕಳಿದ್ದಾರಾ?"

"ಮೊಮ್ಮಗಳಿದ್ದಾಳೆ."

"ಇಲ್ಲೇ ಓದ್ತಾಳಾ?"

ಗಂಟೆಯಜ್ಜಿ ಕೈಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಹೂಂ ಅಂದುಬಿಟ್ಟರೆ ಇಪ್ಪತ್ತಾಗುತ್ತಿತ್ತು. ಶಾಲೆಯೂ ಉಳಿಯುತ್ತಿತ್ತು, ತನ್ನ ಅನ್ನವೂ ಉಳಿಯುತ್ತಿತ್ತು. ಮೇಡಂ ಕಣ್ಣಲ್ಲೇ ಹೂಂ ಎನ್ನಿ ಎನ್ನುತ್ತಿದ್ದರು.

"ಎರಡು ವರ್ಷ ಇಲ್ಲೇ ಓದಿದಳು. ಹೋದ ವರ್ಷ ಮೂರನೇ ತರಗತಿಗೆ ಸೊಸೆ ಖಾಸಗಿ ಶಾಲೆಗೆ ಹಾಕಿದಳು. ಹಾಕು ಅಂದಿದ್ದು ನಾನೇ."

"ಅಜ್ಜೀ!" ಎಂದರು ಮೇಡಂ. ಹೆಂಗಸು ಪೆನ್ನು ಕೆಳಗಿಟ್ಟಳು.

"ಯಾಕೆ ಹಾಗೆ?"

"ಬಾರಮ್ಮ, ತೋರಿಸ್ತೀನಿ."

ಒಂದನೇ ತರಗತಿಯ ಕರಿಹಲಗೆಯ ಕೆಳಗೆ ಸೀಮೆಸುಣ್ಣದ ಪುಡಿ ಬೆಳ್ಳಗೆ ಬಿದ್ದಿತ್ತು. "ಬೆಳಗ್ಗೆ ಗುಡಿಸಿದ್ದು, ಈಗ ನೋಡು ಎಷ್ಟಿದೆ. ಈ ಟೀಚರು ಒಂದು ದಿನವೂ ಕುರ್ಚಿ ಬಿಸಿ ಮಾಡಿದವರಲ್ಲ. ಎರಡನೇದೂ ಹಿಂಗೇ." ಮೂರನೆಯ ಕೋಣೆಯ ಚಿಲಕ ತೆಗೆದು ನೆಲದ ಮೇಲೆ ಅಂಗೈ ಆಡಿಸಿ ತೋರಿಸಿದಳು. "ಇಲ್ಲಿ ಹದಿನಾಲ್ಕು ತಿಂಗಳಿಂದ ಗುಡಿಸೋಕೆ ಪುಡಿಯೇ ಇಲ್ಲ. ಟೀಚರಿಗೆ ವರ್ಗ ಆಯ್ತು, ಬದಲಿಗೆ ಯಾರೂ ಬರಲಿಲ್ಲ. ಮಕ್ಕಳನ್ನ ಎರಡನೇ ತರಗತಿಲೇ ತುರುಕಿ ಕೂರಿಸ್ತಾರೆ."

ಹೆಂಗಸು ದುಡುದುಡು ಹೋಗಿ ಮೇಡಂ ಮುಂದೆ ನಿಂತಳು. "ನಿಜವಾ?"

"ಕಚೇರಿಗೆ ಐದು ಸಲ ಪತ್ರ ಬರೆದಿದ್ದೀನಮ್ಮ. ಮುಚ್ಚೋ ಶಾಲೆಗೆ ಯಾಕೆ ಟೀಚರು ಅಂತಾರೆ." ಮೇಡಂ ದನಿ ಇಳಿದಿತ್ತು.

ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಹೆಂಗಸು ಮಗಳ ತಲೆಯ ಮೇಲೆ ಕೈಯಿಟ್ಟು ಮೇಜಿನ ಮೇಲಿದ್ದ ತನ್ನ ಅರ್ಜಿಯನ್ನು ಇನ್ನೊಮ್ಮೆ ಓದಿದಳು. ಗಂಟೆಯಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಇವಳು ಮೂರಕ್ಕೆ ಬರೋಕೆ ಇನ್ನೂ ಎರಡು ವರ್ಷ ಇದೆ," ಎಂದಳು ಹೆಂಗಸು ಕೊನೆಗೆ. "ಆರನೇ ಪತ್ರಕ್ಕೆ ನಾವು ಇಪ್ಪತ್ತೂ ಮನೆಯವರು ಸಹಿ ಹಾಕ್ತೀವಿ. ಆಗಲೂ ಟೀಚರು ಬರದಿದ್ರೆ ನಾನೂ ಇವರ ಸೊಸೆ ದಾರಿನೇ ಹಿಡಿಯೋದು, ಹೇಳಿಬಿಟ್ಟಿದ್ದೀನಿ."

ಸಹಿ ಹಾಕಿದಳು.

ಕಚೇರಿಯವನು ಕಟ್ಟು ಒಯ್ಯುವವರೆಗೆ ಮೇಡಂ ಗಂಟೆಯಜ್ಜಿಯ ಕಡೆ ತಿರುಗಿ ನೋಡಲಿಲ್ಲ.

"ಅವಳು ಎದ್ದು ಹೋಗಿದ್ರೆ?"

"ಹೋಗಿದ್ರೆ ನನ್ನ ಕೆಲಸವೂ ಹೋಗ್ತಿತ್ತು ಮೇಡಂ. ಅವಳ ಮಗು ಅಲ್ವಾ, ಸುಳ್ಳು ಬಾಯಿಗೆ ಬರಲಿಲ್ಲ."

ಮೇಡಂ ಬಿಳಿ ಹಾಳೆಯೊಂದನ್ನು ಎಳೆದುಕೊಂಡರು. "ಕೂತ್ಕೊಳ್ಳಿ. ಆ ಟೀಚರು ಹೋದ ದಿನ ನೆನಪಿದೆಯಾ?"

"ಮಂಗಳವಾರ. ಎರಡನೇ ಪೀರಿಯಡ್ ಮುಗಿಸಿಕೊಂಡೇ ಹೋದರು," ಎಂದು ಗಂಟೆಯಜ್ಜಿ ಕುರ್ಚಿಯ ತುದಿಯಲ್ಲಿ ಕುಳಿತಳು.