ಫೋನಕ್ಕ ಮತ್ತು ಮೂಗಮ್ಮ

ಆ ಊರಿನ ಹಳಬರನ್ನು ಯಾವಾಗ ಮಾತಿಗೆಳೆದರೂ ಇಬ್ಬರು ಹೆಂಗಸರ ಸುದ್ದಿ ಬರುತ್ತದೆ. ಒಬ್ಬಳು ಫೋನಕ್ಕ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನು ಕೊಡುತ್ತಿದ್ದವಳು. ಅವಳ ದನಿ ಗೊತ್ತಿಲ್ಲದವರಿರಲಿಲ್ಲ, ಮುಖ ಕಂಡವರಿರಲಿಲ್ಲ. ಇನ್ನೊಬ್ಬಳು ಮೂಗಮ್ಮ. ಬಟ್ಟೆಚೀಲ ಹಿಡಿದು ಪೇಟೆಗೆ ಬಂದು, ಬೇಕಾದ್ದನ್ನು ಬೆರಳು ತೋರಿಸಿ ಕೊಂಡು, ತಲೆ ತಗ್ಗಿಸಿ ಹೋಗುತ್ತಿದ್ದವಳು. ಅವಳ ಮುಖ ಎಲ್ಲರಿಗೂ ಗೊತ್ತು, ದನಿ ಕೇಳಿದವರಿಲ್ಲ. ಇಬ್ಬರೂ ಒಬ್ಬಳೇ ಎಂಬುದು ಮಾತ್ರ ಊರಿನ ತಲೆಗೆ ಹೊಳೆಯಲೇ ಇಲ್ಲ. ಊರೆಂದರೆ ಹಾಗೇ ನೋಡಿ. ಪಕ್ಕದ ಮನೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದನ್ನು ಬೆಳಗಾಗುವುದರೊಳಗೆ ಪತ್ತೆ ಹಚ್ಚುತ್ತದೆ, ಕಣ್ಣೆದುರಿಗೇ ನಿಂತಿರುವುದು ಕಾಣುವುದಿಲ್ಲ.

ಇದು ಶುರುವಾದದ್ದು ಬಟ್ಟೆ ಅಂಗಡಿಯಲ್ಲಿ. ಅವಳು ಕೆಲಸಕ್ಕೆ ಸೇರಿ ಊರಿಗೆ ಬಂದ ಹೊಸತು. ಅಸ್ತರಿನ ಬಟ್ಟೆ ತರೋಣವೆಂದು ಹೋಗಿ ಜನರ ಹಿಂದೆ ನಿಂತಿದ್ದಳು. ಅಂಗಡಿಯವನು ಕತ್ತರಿ ಆಡಿಸುತ್ತಾ ಯಾರಿಗೋ ಹೇಳುತ್ತಿದ್ದ: "ಬೆಳಿಗ್ಗೆ ನನ್ನ ಭಾವಮೈದನಿಗೆ ಫೋನಲ್ಲಿ ಬಾಯಿಗೆ ಬಂದ ಹಾಗೆ ಬೈತಿದ್ದೆ ಕಣ್ರೀ. ನಡುವೆ ಆ ಫೋನಿನವಳು 'ಮಾತು ಮುಗೀತಾ ಸಾರ್' ಅಂದ್ಲು. ಎಲ್ಲಾ ಕೇಳಿಸ್ಕೊಂಡಿರ್ತಾಳೆ. ನಾಳೆ ಎದುರಿಗೆ ಸಿಕ್ಕಿದ್ರೆ ಮುಖ ಎಲ್ಲಿ ಬಚ್ಚಿಡ್ಲಿ?"

ಆ ಫೋನಿನವಳು ಇವಳೇ. ಅಷ್ಟರಲ್ಲಿ ಅವನು ಇವಳತ್ತ ತಿರುಗಿ, "ಏನು ಬೇಕಮ್ಮ?" ಎಂದ. ಬಾಯಿ ತೆರೆದರೆ ದನಿ ಹಿಡಿದುಬಿಡುತ್ತಾನೆ. ಬೆರಳು ತೋರಿಸಿದಳು. ಎಷ್ಟು ಎಂದದ್ದಕ್ಕೆ ಎರಡು ಬೆರಳು ಎತ್ತಿದಳು. ಅಂಗಡಿಯವನ ಮುಖ ಮೆತ್ತಗಾಯಿತು. "ಪಾಪ, ಮಾತು ಬರಲ್ಲ ಅನ್ಸುತ್ತೆ," ಎಂದು ಗೇಣುದ್ದ ಬಟ್ಟೆ ಹೆಚ್ಚಿಗೆ ಸೇರಿಸಿ ಕತ್ತರಿಸಿ ಕೊಟ್ಟ. ಅವಳು ಕೋಣೆಗೆ ಬಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಒಂದು ಸಲದ ಆಟ ಎಂದುಕೊಂಡಿದ್ದಳು. ಆದರೆ ಮರುವಾರ ಹೋದಾಗ ಪೇಟೆಯೇ ಅವಳನ್ನು ಮೂಗಿಯೆಂದು ಒಪ್ಪಿಕೊಂಡು ಕೂತಿತ್ತು. ಈಗ ಮಾತಾಡಿದರೆ ಮೋಸ ಮಾಡಿದಳು ಎನ್ನುತ್ತಾರೆ, ಮಾತಾಡದಿದ್ದರೆ ಯಾರಿಗೂ ನಷ್ಟವಿಲ್ಲ. ಹಾಗಾಗಿ ಆ ಊರಿನಲ್ಲಿದ್ದಷ್ಟು ಕಾಲವೂ ಪೇಟೆಯಲ್ಲಿ ಬಾಯಿಗೆ ಬೀಗ. ಲೈನ್‌ಮ್ಯಾನ್ ಒಬ್ಬನಿಗೆ ಗುಟ್ಟು ಗೊತ್ತಿತ್ತು. ಅವನೋ ತನ್ನ ಮದುವೆಯ ಸುದ್ದಿಯನ್ನೇ ಯಾರಿಗೂ ಹೇಳದ ಆಸಾಮಿ.

ಎಕ್ಸ್‌ಚೇಂಜ್ ಇದ್ದದ್ದು ಯಾರೂ ಸುಳಿಯದ ಹಿಂದಿನ ಓಣಿಯ ಒಂದು ಮಹಡಿ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಮರದ ಬೋರ್ಡು, ಅದರ ತುಂಬ ಪುಟ್ಟ ಪುಟ್ಟ ಮುಚ್ಚಳಗಳು. ಊರಿನಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಅವರ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಇವಳು ಅಲ್ಲಿಗೊಂದು ವೈರು ಸಿಕ್ಕಿಸಿ "ಹೇಳಿ" ಎನ್ನುತ್ತಿದ್ದಳು. ನಂಬರು ಹೇಳುವ ಜನವೇ ಅಲ್ಲ ಅದು. "ಗಿರಣಿಗೆ ಕೊಡಕ್ಕ" ಎನ್ನುವರು, "ಡಾಕ್ಟ್ರು ಎಲ್ಲಿದ್ದಾರೆ ನೋಡಕ್ಕ" ಎನ್ನುವರು. ಡಾಕ್ಟರು ಹೊರಗೆ ಹೋಗುವಾಗ ಇವಳಿಗೆ ಹೇಳಿಯೇ ಹೋಗುತ್ತಿದ್ದರು. ಗಿರಣಿಯವನು ಮಧ್ಯಾಹ್ನ ಮಲಗುತ್ತಾನೆಂದು ಇವಳಿಗೆ ಗೊತ್ತು. "ಈಗ ಬೇಡ, ಎಬ್ಬಿಸಿದ್ರೆ ಬೈತಾರೆ, ಸ್ವಲ್ಪ ಹೊತ್ತು ಬಿಟ್ಟು ನಾನೇ ಕೂಗ್ತೀನಿ" ಎನ್ನುತ್ತಿದ್ದಳು.

ಅವಳಿಗೆ ಊರು ಕಿವಿಯಿಂದಲೇ ಪರಿಚಯ. ಗಿರಣಿಯವನ ಮಾತಿನ ಹಿಂದೆ ಬೆಲ್ಟಿನ ಪಟಪಟ. ಮರದ ಡಿಪೋದವನು ಮಾತಾಡಿದರೆ ಗರಗಸದ ಕಿರುಚಾಟ, ಅದಕ್ಕೇ ಅವನು ಮನೆಯಿಂದ ಫೋನು ಮಾಡಿದರೂ ಕೂಗಿಯೇ ಮಾತಾಡುತ್ತಿದ್ದ. ಬಸ್ ನಿಲ್ದಾಣದ ಗುಮಾಸ್ತನ ಹಿಂದೆ ಹಾರ್ನು. ಚೌಕದ ಗಡಿಯಾರ ಎಲ್ಲರ ಫೋನಿನಲ್ಲೂ ಒಂದೊಂದು ದೂರದಲ್ಲಿ ಬಡಿಯುತ್ತಿತ್ತು. ಬಡಿತ ಎಷ್ಟು ಜೋರು ಎಂಬುದರ ಮೇಲೆ ಯಾರ ಅಂಗಡಿ ಎಲ್ಲಿದೆ ಎಂದು ಕೂತಲ್ಲೇ ಹೇಳುತ್ತಿದ್ದಳು.

ಔಷಧದಂಗಡಿಯವರ ಹಿಂದೆ ಮಾತ್ರ ಗಾಜಿನ ಸೀಸೆಗಳ ಮೆಲ್ಲನೆಯ ಸದ್ದು. ದಿನಾ ಸಂಜೆ ಅವರ ಮುಚ್ಚಳ ಬೀಳುತ್ತಿತ್ತು. "ಅಂಗಡಿ ಮುಚ್ತಾ ಇದ್ದೀನಿ. ಯಾರಾದ್ರೂ ಕೇಳಿದ್ರೆ ಮನೆಗೆ ಕೊಡಿ." ಇವಳು "ಆಗ್ಲಿ, ಹುಷಾರಾಗಿ ಹೋಗಿ" ಎನ್ನುತ್ತಿದ್ದಳು. ಅಷ್ಟೇ. ಅವರನ್ನು ಆ ಹೊತ್ತಿನ ಮೇಲೆ ಯಾರೂ ಕೇಳುತ್ತಿರಲಿಲ್ಲ. ಅದು ಇವಳಿಗೂ ಗೊತ್ತಿತ್ತು, ಹೇಳಲಿಲ್ಲ. ಹೇಳಿದರೆ ಮರುದಿನದಿಂದ ಮುಚ್ಚಳ ಬೀಳದೆ ಹೋದರೆ? ಆ ಎರಡು ಮಾತಿಗಾಗಿ ಅವಳು ದಿನವಿಡೀ ಕಾಯುತ್ತಿದ್ದಳು ಎಂದು ಸುತ್ತಿ ಬಳಸದೆ ಹೇಳಿಬಿಡುವುದೇ ಒಳ್ಳೆಯದು. ಅವರಿಗೆ ಹೆಂಡತಿ ತೀರಿಹೋಗಿ, ಒಬ್ಬ ಪುಟ್ಟ ಮಗನಿದ್ದ. ಇವಳಿಗೆ ಒಬ್ಬ ತಂಗಿ ಬಿಟ್ಟರೆ ಹಿಂದೆ ಮುಂದೆ ಯಾರೂ ಇಲ್ಲ.

ಮೂಗಮ್ಮನಾಗಿಯೂ ಅವರ ಅಂಗಡಿಗೆ ಹೋಗುತ್ತಿದ್ದಳು. ಹಗಲೆಲ್ಲ ಮಾತಾಡಿ ಗಂಟಲು ಕೆರೆಯುತ್ತಿತ್ತು, ಚೀಪುವ ಮಾತ್ರೆ ಬೇಕಾಗುತ್ತಿತ್ತು. ಗಲ್ಲೆಯ ಪಕ್ಕದ ಸೀಸೆಯನ್ನು ಬೆರಳಿನಲ್ಲಿ ತೋರಿಸಿದರೆ ಅವರು ಕಟ್ಟಿ ಕೊಡುವರು, ಮುಗುಳ್ನಗುವರು, ಇನ್ನೊಬ್ಬ ಗಿರಾಕಿಯತ್ತ ತಿರುಗುವರು. ಬರುಬರುತ್ತಾ ತೋರಿಸುವ ಮೊದಲೇ ಪೊಟ್ಟಣ ಸಿದ್ಧವಿರುತ್ತಿತ್ತು. ಅವಳಿಗೆ ಶೀತವಾದ ವಾರ ಕೆಮ್ಮಿನ ಔಷಧವೂ ಜೊತೆಗಿರುತ್ತಿತ್ತು. ಗಿರಾಕಿಯ ಮುಖ ನೋಡಿಯೇ ಕಾಯಿಲೆ ಹೇಳುವ ಮನುಷ್ಯ ಎಂದು ಅವಳು ಬೆರಗಾಗಿದ್ದಳು.

ಕೊನೆಗೆ ತಾವೇ ನಂಬರು ತಿರುಗಿಸುವ ಫೋನುಗಳು ಬಂದವು. ಮರದ ಬೋರ್ಡನ್ನು ಕಳಚುವ ಹಿಂದಿನ ಸಂಜೆ ಔಷಧದಂಗಡಿಯ ಮುಚ್ಚಳ ಬಿತ್ತು. "ಮುಚ್ತಾ ಇದ್ದೀನಿ," ಎಂದವರು ಸ್ವಲ್ಪ ತಡೆದು, "ನಾಳೆಯಿಂದ ಯಾರಿಗೆ ಹೇಳಿ ಹೋಗ್ಲಿ?" ಎಂದರು. ಆ ಮೂಗಮ್ಮ ನಾನೇ, ನಾಳೆ ಅಂಗಡಿಗೇ ಬರುತ್ತೇನೆ, ಅಲ್ಲೇ ಹೇಳಿ. ಇಷ್ಟನ್ನು ಅವಳು ಮನಸ್ಸಿನಲ್ಲಿ ಪೂರ್ತಿ ಜೋಡಿಸಿಕೊಂಡಳು. ಬಾಯಿಂದ ಬಂದದ್ದು "ಹುಷಾರಾಗಿ ಹೋಗಿ" ಅಷ್ಟೇ. ವಾರದೊಳಗೆ ಅವಳಿಗೆ ದೊಡ್ಡ ಊರಿಗೆ ವರ್ಗವಾಯಿತು.

ಅಲ್ಲಿಯೇ ದುಡಿದು, ನಿವೃತ್ತಳಾಗಿ, ತಂಗಿಯ ಮನೆ ಸೇರಿದಳು. ತಂಗಿ ಒಳ್ಳೆಯವಳು, ತಂಗಿಯ ಗಂಡ ಇನ್ನೂ ಒಳ್ಳೆಯವನು. ಆದರೂ ಮಧ್ಯಾಹ್ನ ಮನೆಯೆಲ್ಲ ನಿಶ್ಶಬ್ದವಾದಾಗ ಫೋನಕ್ಕನ ಕಿವಿಯಲ್ಲಿ ಗಿರಣಿಯ ಬೆಲ್ಟು ಪಟಪಟಿಸುತ್ತಿತ್ತು. ಊರು ನೆನಪಾದರೆ ಕಣ್ಣು ಮುಚ್ಚುತ್ತಿದ್ದಳು. ಮುಚ್ಚಿದರೆ ಮಾತ್ರ ಅದು ಪೂರ್ತಿ ಬರುತ್ತಿತ್ತು.

"ಅಷ್ಟು ಹಂಬಲ ಇದ್ರೆ ಒಂದ್ಸಲ ಹೋಗಿ ಬಾ, ಅಕ್ಕಾ," ಎಂದಳು ತಂಗಿ.

"ಹೋಗಿ? ಅಲ್ಲಿ ನನ್ನನ್ನ ಯಾರು ಗುರುತು ಹಿಡೀತಾರೆ?"

"ನಾನು ಫೋನಕ್ಕ ಅಂತ ಹೇಳು. ಬಾಯಿ ಇಲ್ವಾ?"

"ನಾನೇ ಹೇಳೋ ಹಾಗಿದ್ರೆ ಅವರು ಗುರುತು ಹಿಡಿದ ಹಾಗೆ ಎಲ್ಲಿ ಆಯ್ತು?"

ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಆ ಮುಖ, ಆ ದನಿ, ಎರಡೂ ಒಬ್ಬಳದೇ ಎಂದು ಆ ಊರಿನಲ್ಲಿ ಒಬ್ಬರಾದರೂ ತಾವಾಗಿಯೇ ತಿಳಿಯಬೇಕು. ಇಲ್ಲವಾದರೆ ತಾನು ಅಲ್ಲಿ ಬಾಳಿದ್ದಕ್ಕೆ ಅರ್ಧರ್ಧ ಸಾಕ್ಷಿಯೇ ಉಳಿದೀತು. ತಂಗಿಗೆ ಇದು ಅರ್ಥವಾಗಲಿಲ್ಲ. ಆದರೂ ದಾರಿಗೆ ತಿಂಡಿ ಕಟ್ಟಿ ಬಸ್ಸು ಹತ್ತಿಸಿದಳು.

ಊರಿನಲ್ಲಿ ಇಳಿದ ಕೂಡಲೇ ಕಿವಿಗೊಟ್ಟಳು. ಸದ್ದು ಬೇಕಾದಷ್ಟಿತ್ತು, ತನ್ನದು ಎನ್ನುವ ಒಂದು ಸದ್ದೂ ಇರಲಿಲ್ಲ. ಮರದ ಡಿಪೋ ಇದ್ದಲ್ಲಿ ಕಾರು ನಿಲ್ಲಿಸುವ ಬಯಲು. ಗಿರಣಿಯ ಬಾಗಿಲಿಗೆ ಹಲಗೆ ಹೊಡೆದಿತ್ತು. ಚೌಕದ ಗಡಿಯಾರ ನಿಂತಲ್ಲೇ ನಿಂತಿತ್ತು, ಮುಳ್ಳು ಎರಡೂ ಒಂದರ ಮೇಲೊಂದು ಮಲಗಿದ್ದವು. ಓಣಿಯೊಳಗೆ ಹೋಗಿ ಎಕ್ಸ್‌ಚೇಂಜಿನ ಮೆಟ್ಟಿಲು ಹತ್ತಿ ನೋಡಿದರೆ ಹಾಸಿಗೆ, ದಿಂಬಿನ ಅಂಗಡಿ. ಗೋಡೆಯುದ್ದಕ್ಕೂ ಹತ್ತಿಯ ರಾಶಿ. ಅಷ್ಟೊಂದು ಮಾತು ತುಂಬಿದ್ದ ಕೋಣೆಯಲ್ಲಿ ಈಗ ಅವಳ ಚಪ್ಪಲಿಯ ಸದ್ದೂ ಕೇಳಿಸಲಿಲ್ಲ. ದುಃಖ ಒತ್ತಿ ಬಂದು, ಕೆಳಗಿಳಿದು ಬಂದಳು.

ಪೇಟೆಬೀದಿಗೆ ಬರುತ್ತಿದ್ದ ಹಾಗೆ ಬೆನ್ನ ಹಿಂದಿನಿಂದ ಒಂದು ದನಿ ಕೇಳಿತು. "ಆ ರೇಟಿಗೆ ಬರಲ್ಲ ಕಣ್ರೀ, ನಿಮ್ಮಾಣೆ ಬರಲ್ಲ." ಬಟ್ಟೆ ಅಂಗಡಿಯವನು! ಅದೇ ಗೊಗ್ಗರು, ಅದೇ ಆಣೆ. ಅವಳು ಹಿಂದುಮುಂದು ನೋಡದೆ ಅಂಗಡಿಯೊಳಗೆ ನುಗ್ಗಿ, ಆ ಪೇಟೆಯಲ್ಲಿ ಮೊಟ್ಟಮೊದಲ ಸಲ ಬಾಯಿಬಿಟ್ಟಳು. "ನಿಮ್ಮ ಭಾವಮೈದ ಈಗಲಾದ್ರೂ ದಾರಿಗೆ ಬಂದ್ರಾ?"

ತಿರುಗಿದವನಿಗೆ ಇನ್ನೂ ಮೀಸೆ ನೆಟ್ಟಗೆ ಬಲಿತಿರಲಿಲ್ಲ. "ನನಗೆ ಮದುವೇನೇ ಆಗಿಲ್ವಲ್ಲ," ಎಂದ. ಆಮೇಲೆ, "ಓ, ನೀವು ಹೇಳ್ತಿರೋದು ನಮ್ಮ ತಾತನ ವಿಷ್ಯ ಇರಬೇಕು. ತಾತ ಹೋಗಿ ಬಹಳ ವರ್ಷ ಆಯ್ತು, ಅಜ್ಜಿ," ಎಂದ. ದನಿ ಮನೆತನದಲ್ಲಿ ಇಳಿದು ಬರುತ್ತದೆ ಎಂಬುದು, ಕಿವಿಯಿಂದಲೇ ಬದುಕಿದ ಅವಳಿಗೆ ಹೇಗೆ ಮರೆತುಹೋಯಿತೋ.

ಬಾಗಿಲ ಬಳಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಮುದುಕ ದರ್ಜಿ ಕನ್ನಡಕ ಏರಿಸಿ ನೋಡಿದ. "ಅಯ್ಯೋ, ನೀವು ಮೂಗಮ್ಮ ಅಲ್ವಾ? ಮಾತು ಬಂತಾ? ಯಾವ ಡಾಕ್ಟ್ರ ಹತ್ರ ತೋರಿಸಿದ್ರಿ? ನನ್ನ ಮೊಮ್ಮಗಳಿಗೂ ತೊದಲು ಇದೆ."

ಗುರುತೇನೋ ಹಿಡಿದ, ಹಿಡಿದದ್ದು ಅರ್ಧವನ್ನೇ. ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಹೇಳಬಾರದು ಎಂದುಕೊಂಡು ಬಂದಿದ್ದವಳು ತಡೆಯಲಾರದೆ ಹೇಳಿಯೇಬಿಟ್ಟಳು. "ನಾನು ಮೂಗಿ ಅಲ್ಲಪ್ಪ. ನಾನು ಫೋನಕ್ಕ."

ದರ್ಜಿ ಮೆಷಿನ್ ನಿಲ್ಲಿಸಿ ನಕ್ಕ. "ಸರಿ ಹೋಯ್ತು. ಫೋನಕ್ಕನ ದನಿ ನಂಗೊತ್ತಿಲ್ವಾ? ಗಂಟೆ ಹೊಡೆದ ಹಾಗಿತ್ತು. ನಿಮ್ಮದು, ಬೇಜಾರು ಮಾಡ್ಕೋಬೇಡಿ, ತುಕ್ಕು ಹಿಡಿದ ಕೀಲು ತಿರುಗಿಸಿದ ಹಾಗಿದೆ. ಹೊಸದಾಗಿ ಬಂದ ಮಾತಲ್ವಾ, ಬರ್ತಾ ಬರ್ತಾ ಸರಿಹೋಗುತ್ತೆ ಬಿಡಿ."

ಅವಳು ಹೊರಬಂದಳು. ತಾನು ಹೇಳಿದರೂ ನಂಬದ ಊರು ತಾನಾಗಿ ಹೇಗೆ ತಿಳಿದೀತು? ದನಿಗೂ ವಯಸ್ಸಾಗುತ್ತದೆ ಎಂಬುದನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇನ್ನು ಇಲ್ಲಿ ತನ್ನದು ಏನೂ ಇಲ್ಲ, ಬಸ್ಸು ಹಿಡಿದು ಹೋಗಿಬಿಡೋಣ ಎಂದು ನಿಲ್ದಾಣದ ಕಡೆ ಹೊರಟವಳಿಗೆ ದಾರಿಯಲ್ಲಿ ಔಷಧದಂಗಡಿ ಸಿಕ್ಕಿತು. ಬೋರ್ಡು ಹೊಸದು, ಅಂಗಡಿ ಹಳೆಯದೇ. ಸಂಜೆಯಾಗಿತ್ತು. ಒಳಗೆ ಹೋಗುವುದೋ ಬೇಡವೋ ಎಂದು ಮನಸ್ಸು ಹೊಯ್ದಾಡಿತು. ಅವರಿದ್ದಾರೋ ಇಲ್ಲವೋ, ಇದ್ದರೂ ದರ್ಜಿಯ ಹಾಗೆ ನಕ್ಕರೆ? ಕಾಲು ಮಾತ್ರ ಹಳೆಯ ಅಭ್ಯಾಸದಂತೆ ಮೆಟ್ಟಿಲು ಹತ್ತಿಬಿಟ್ಟಿತು.

ಗಲ್ಲೆಯಲ್ಲಿ ಒಬ್ಬ ಹೆಂಗಸು ಕಂಪ್ಯೂಟರ್ ನೋಡುತ್ತಿದ್ದಳು. "ಏನು ಕೊಡ್ಲಿ, ಅಮ್ಮ?" ಎಂದಳು. ಈ ತುಕ್ಕು ಹಿಡಿದ ದನಿಯನ್ನು ಇಲ್ಲಿ ತೆಗೆಯಲು ಫೋನಕ್ಕನಿಗೆ ಮನಸ್ಸು ಬರಲಿಲ್ಲ. ಕಪಾಟಿನ ಕಡೆ ಸುಮ್ಮನೆ ಬೆರಳು ತೋರಿಸಿದಳು.

"ಯಾವುದು? ಬಾಯಲ್ಲಿ ಹೇಳಿ."

"ಗಂಟಲಿಗೆ ಚೀಪೋ ಮಾತ್ರೆ ಕಣಮ್ಮ," ಎಂದಿತು ಕಪಾಟಿನ ಹಿಂದಿನಿಂದ ಒಂದು ದನಿ. ಅಲ್ಲಿ ಬೆತ್ತದ ಕುರ್ಚಿಯಲ್ಲಿ ಔಷಧದಂಗಡಿಯವರು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿ, ಮೈ ಹಿಡಿಯಷ್ಟಾಗಿತ್ತು. ಕಣ್ಣು ಮಾತ್ರ ಅವಳ ಮೇಲೇ ಇತ್ತು. "ಪೊಟ್ಟಣ ಕಟ್ಟು. ಅವರಿಗೆ ಯಾವಾಗಲೂ ಅದೇ."

"ಯಾರು ಮಾವ ಇವರು?"

"ಫೋನಕ್ಕ."

ಅವಳು ಗಲ್ಲೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಮುಖದಲ್ಲಿದ್ದ ಪ್ರಶ್ನೆಯನ್ನು ಅವರು ಓದಿಕೊಂಡಿರಬೇಕು.

"ಮೂಗಿ ಅಂತಾರೆ. ವಾರವಾರ ಗಂಟಲಿನ ಮಾತ್ರೆ ತಗೊಂಡು ಹೋಗ್ತಾರೆ. ಮೂಗಿಗೆ ಗಂಟಲು ಯಾಕೆ ಕೆರೆಯುತ್ತೆ?" ಎಂದು ಮೆಲ್ಲಗೆ ನಕ್ಕರು. "ಅದೂ ಅಲ್ದೆ ಫೋನಲ್ಲಿ ದನಿ ಕಟ್ಟಿದ ಮರುದಿನವೇ ನೀವು ಮೂಗು ಒರೆಸ್ಕೊಂಡು ಬರ್ತಿದ್ರಿ. ಔಷಧ ಮಾರೋನು ನಾನು, ಅಷ್ಟೂ ತಿಳಿಯಲ್ವಾ?"

ಅವಳ ಕಣ್ಣು ತುಂಬಿ ಬಂತು. ಅಷ್ಟು ವರ್ಷ ಆ ಪೊಟ್ಟಣಗಳನ್ನು ಅವರು ಕಟ್ಟಿದ್ದು ಯಾರಿಗೆ ಎಂದು ಈಗ ತಿಳಿಯಿತು. ಹಾಗಾದರೆ ಹೇಳಬಹುದಿತ್ತಲ್ಲ ಎಂಬ ಸಂಕಟ ಸಂತೋಷವನ್ನೂ ಮೀರಿ ಉಕ್ಕಿತು.

"ಹೇಳಬೇಕು ಅಂತ ಎಷ್ಟೋ ಸಲ ಬಾಯಿ ತನಕ ಬಂದಿತ್ತು," ಎಂದರು ಅವರು, ಅದನ್ನೂ ಕೇಳಿಸಿಕೊಂಡವರಂತೆ. "ದಿನವಿಡೀ ಊರಿನ ಮಾತೆಲ್ಲ ಹೊರ್ತಾರೆ, ಪೇಟೆಗೆ ಬಂದಾಗಲಾದ್ರೂ ಸುಮ್ನಿರ್ಲಿ ಅಂತ ಬಿಟ್ಟೆ. ಸಂಜೆ ಹೇಗೂ ಒಂದು ಮಾತು ಸಿಗ್ತಿತ್ತಲ್ಲ. ನನಗೆ ಅಷ್ಟು ಸಾಕಾಗಿತ್ತು. ಆಮೇಲೆ ಅದೂ ಹೋಯ್ತು."

ಸೊಸೆಗೆ ಏನು ಅರ್ಥವಾಯಿತೋ ಬಿಟ್ಟಿತೋ, ಪೊಟ್ಟಣವನ್ನು ಫೋನಕ್ಕನ ಕೈಗಿತ್ತು, ಸದ್ದಾಗದಂತೆ ದೀಪಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಮುದುಕರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಅಲ್ಲೆಲ್ಲೂ ಫೋನು ಇರಲಿಲ್ಲ, ಆದರೂ ಫೋನಿನಲ್ಲಿ ಮಾತಾಡುವವರ ಹಾಗೆ ತುಸು ತಲೆ ಬಾಗಿಸಿದರು.

"ಅಂಗಡಿ ಮುಚ್ತಾ ಇದ್ದೀನಿ," ಎಂದರು. "ಯಾರಾದ್ರೂ ಕೇಳಿದ್ರೆ ಮನೆಗೆ ಕೊಡಿ."

ಆ ಅಂಗಡಿಯಲ್ಲಿ ಅವಳು ಎಂದೂ ಬಾಯಿ ತೆರೆದವಳಲ್ಲ. ಎಂಜಲು ನುಂಗಿ ಗಂಟಲು ಸರಿಮಾಡಿಕೊಂಡಳು. "ಆಗ್ಲಿ," ಎಂದಳು. "ಹುಷಾರಾಗಿ ಹೋಗಿ."

ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. "ದನಿ ಒಂಚೂರೂ ಬದಲಾಗಿಲ್ಲ," ಎಂದರು.

ಅದು ಹಸೀ ಸುಳ್ಳು. ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವಳು ಪೊಟ್ಟಣ ಬಿಚ್ಚಿ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಅವರ ಕೈಗಿಟ್ಟಳು.