ಕಾಂಟೆಂಪ್ಲೇಟ್ ಮಾಡುತ್ತಿದ್ದ ವರ

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ಮಾಸ್ತರ ಒಂದೇ ಒಂದು ಶಬ್ದ ಹಿಡಿದುಕೊಂಡು ತಂಗಿಯ ಮಗಳ ಮದುವೆ ಕೆಡಿಸಬಹುದೇ? ಕೆಡಿಸಬಹುದು. ನಾನು ಕೆಡಿಸಿದ್ದೇನೆ.

ಕಳೆದ ತಿಂಗಳು ತಂಗಿಯ ಮಗಳು ವಿದ್ಯಾಳನ್ನು ನೋಡಲು ಬೆಳಗಾವಿಯಿಂದ ಒಬ್ಬ ಇಂಜಿನಿಯರ್ ಬೈಲಹೊಂಗಲಕ್ಕೆ ಬಂದಿದ್ದ. ಅವಲಕ್ಕಿ ತಿಂದ, ಚಹಾ ಕುಡಿದ, ಹೋದ. ಮರುದಿನ ತಂಗಿಯ ವಾಟ್ಸಾಪಿಗೆ ಒಂದೇ ಸಾಲು ಬಂತು: 'ವಿ ಆರ್ ಕಾಂಟೆಂಪ್ಲೇಟಿಂಗ್.'

ತಂಗಿ ಮಗಳನ್ನು ಕರೆದುಕೊಂಡು ನನ್ನ ಮನೆಗೇ ಬಂದಳು. "ಅಣ್ಣಾ, ಹಿಂಗಂದ್ರ ಏನಪಾ?"

ನಾನು ಕನ್ನಡಕ ಏರಿಸಿದೆ. (ಕೇಳುವವರು ಸಿಕ್ಕರೆ ನಿವೃತ್ತ ಮಾಸ್ತರ ಬಿಡುತ್ತಾನೆಯೇ?) "ಥಿಂಕ್ ಅಂದ್ರ ಸುಮ್ನ ವಿಚಾರ ಮಾಡೂದು. ಚಹಾಕ್ಕ ಸಕ್ರಿ ಎಷ್ಟು ಅನ್ನೂದಕ್ಕ ಥಿಂಕ್ ಸಾಕು. ಕಾಂಟೆಂಪ್ಲೇಟ್ ಹಂಗಲ್ಲ. ಒಂದು ಕಡೆ ಕುಂತು, ಮನಸ್ಸಿಟ್ಟು, ಆಳಕ್ಕಿಳದು ವಿಚಾರ ಮಾಡೂದು."

"ಅಂದ್ರ ಒಪ್ಪಿಗಿ ಐತಿ ಅಂದಂಗಾತು," ಎಂದಳು ತಂಗಿ. ನಾನು ಇಲ್ಲ ಅನ್ನಲಿಲ್ಲ.

"ಮಾಮಾ, ನೇಸರಗಿಯವರು ಫೋನ್ ಮಾಡ್ಯಾರ. ಅವರಿಗೇನು ಹೇಳೂದು?" ಎಂದಳು ವಿದ್ಯಾ. ನೇಸರಗಿಯ ಹುಡುಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ಅವಳಿಗೆ ಅವನು ಹಿಡಿಸಿದ್ದ. ಅವರ ಮನೆಯವರೂ ಹೂಂ ಅಂದಿದ್ದರು.

"ಸ್ವಲ್ಪ ತಡೀರಿ ಅಂತ ಹೇಳು," ಎಂದೆ.

ನೇಸರಗಿಯವರು ಮೂರು ವಾರ ತಡೆದರು, ನಾವೂ ತಡೆದೆವು. ಆಳಕ್ಕಿಳಿದವರು ಮೇಲೆ ಬರಲಿಲ್ಲ. ಆ ಇಂಜಿನಿಯರನಿಗೆ ಯರಗಟ್ಟಿಯ ಹುಡುಗಿಯೊಂದಿಗೆ ನಿಶ್ಚಿತಾರ್ಥ ಆಯಿತೆಂದು ಬಸ್ಸಿನಲ್ಲಿ ಯಾರೋ ಹೇಳಿದರು.

ಈಗ ನೆನೆದರೆ ನಾಚಿಕೆಯಾಗುತ್ತದೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು 'ವಿಚಾರ ಮಾಡಿ ಹೇಳತೇವ್ರಿ' ಎಂದು ಎದ್ದರೆ, ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಈ ಸಂಬಂಧ ಆಗುವುದಿಲ್ಲ ಎಂದು ಮನೆಯ ಸಣ್ಣ ಮಕ್ಕಳಿಗೂ ಗೊತ್ತಾಗಿರುತ್ತದೆ. ಮುಖದ ಮೇಲೆ ಬೇಡ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಅದೇ ಮಾತು ಇಂಗ್ಲಿಷಿನಲ್ಲಿ ಬಂತು ನೋಡಿ, ಡಿಕ್ಷನರಿ ನಂಬಿ ಕುಳಿತೆವು.

ಮೊನ್ನೆ ಭಾನುವಾರ ವಿದ್ಯಾಳ ಎದುರಿಗೇ ಸ್ಪೀಕರ್ ಹಾಕಿ ನೇಸರಗಿಗೆ ಫೋನ್ ಮಾಡಿದೆ. ಹುಡುಗನ ತಂದೆ ಬಹಳ ಮರ್ಯಾದೆಯಿಂದ ಮಾತಾಡಿದರು. ನನ್ನ ಮೊಣಕಾಲು ನೋವು ಕೇಳಿದರು. ನಮ್ಮ ಕಡೆ ಮಳೆ ಹೇಗೆ ಎಂದು ಕೇಳಿದರು.

"ಆಗಲಿ ಸರ್, ವಿಚಾರ ಮಾಡಿ ಹೇಳತೇವ್ರಿ," ಎಂದರು.

ಫೋನ್ ಇಟ್ಟೆ. ವಿದ್ಯಾ ನನ್ನನ್ನೇ ನೋಡುತ್ತಿದ್ದಳು.

"ಇದರ ಅರ್ಥನೂ ಹೇಳ್ರಿ, ಮಾಮಾ."