ಕಾಡಪ್ಪನವರು ಬರೆದ ಪಲ್ಸ್ ಚಿತ್ರ

ಯಲಹಂಕದ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಕಮ್ಯುನಿಕೇಷನ್ ಲ್ಯಾಬಿಗೆ ಈಗ ನಾನು ಮೇಡಂ. ಹನ್ನೆರಡು ವರ್ಷದ ಹಿಂದೆ ಅಲ್ಲೇ ವಿದ್ಯಾರ್ಥಿನಿಯಾಗಿದ್ದೆ. ಆಗಲೂ ಈಗಲೂ ಅಲ್ಲಿರುವವರು ಇನ್‌ಸ್ಟ್ರಕ್ಟರ್ ಕಾಡಪ್ಪನವರು. ಬಾಗಲಕೋಟೆ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದು ಅಟ್ಟೂರಿನಲ್ಲಿ ನೆಲೆಸಿದವರು. ಪ್ರಯೋಗದ ಕಿಟ್ ಕೆಟ್ಟರೆ ನಮಗೆ ದಿಗಿಲು, ಅವರಿಗೆ ಖುಷಿ.

ಪಲ್ಸ್ ಮಾಡ್ಯುಲೇಷನ್, ಅಂದರೆ ಸಂಕೇತವನ್ನು ವಿದ್ಯುತ್ ಮಿಡಿತಗಳ ಮೇಲೆ ಹೊರಿಸಿ ಕಳಿಸುವ ಪಾಠ, ನನಗೆ ತಲೆಗೆ ಹತ್ತಿದ್ದು ಅವರಿಂದಲೇ. ಕಳಿಸಬೇಕಾದ ಸಂಕೇತ ಏರಿದರೆ ಪಲ್ಸ್ ಅಗಲವಾಗುತ್ತದೆ, ಇಳಿದರೆ ಸಣ್ಣಗಾಗುತ್ತದೆ. ಅದು ಪಲ್ಸ್ ವಿಡ್ತ್. ಪಲ್ಸ್ ಪೊಸಿಷನ್‌ನಲ್ಲಿ ಅಗಲ ಬದಲಾಗುವುದೇ ಇಲ್ಲ, ಪಲ್ಸ್ ಬರುವ ಹೊತ್ತು ಮಾತ್ರ ಹಿಂದೆಮುಂದೆ ಆಗುತ್ತದೆ.

“ಮೆಜೆಸ್ಟಿಕ್ ಬಸ್ ಇದ್ದಂಗ ನೋಡ್ರಿ. ಬಸ್ ಇದ್ದಷ್ಟ ಇರತೈತಿ, ಬರೋ ಟೈಮ್ ಹೆಚ್ಚುಕಮ್ಮಿ ಆಗತೈತಿ,” ಎನ್ನುತ್ತಿದ್ದರು.

ಲ್ಯಾಬ್ ಮ್ಯಾನ್ಯುಯಲ್ಲಿನ ಚಿತ್ರಗಳೂ ಅವರ ಕೈಯವೇ. ಪ್ರತಿ ಚಿತ್ರದ ಕೆಳಗೆ ಸಣ್ಣಗೆ ಅವರ ಹೆಸರಿದೆ. ಊರಿನಿಂದ ಯಾರೇ ಬರಲಿ, ಕರೆತಂದು ತೋರಿಸದೆ ಕಳಿಸುತ್ತಿರಲಿಲ್ಲ. ಇನ್ನು ನಾವೋ, ಪಲ್ಸ್‌ಗಳ ಆಕಾರ ತೋರಿಸುವ ಸಿಆರ್‌ಓ ಪರದೆ ನೋಡಿ ರೆಕಾರ್ಡ್ ಬರೆದವರೇ ಅಲ್ಲ. ಮ್ಯಾನ್ಯುಯಲ್ ಚಿತ್ರವನ್ನು ಹಾಗೇ ಇಳಿಸುವುದು ಪದ್ಧತಿ. ನಾನೂ ಇಳಿಸಿ ಹತ್ತಕ್ಕೆ ಹತ್ತು ತೆಗೆದುಕೊಂಡವಳೇ.

ಕಳೆದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರತಿಭಾ ಎಂಬ ಹುಡುಗಿಗೆ ಪಲ್ಸ್ ಪೊಸಿಷನ್ ಪ್ರಯೋಗ ಬಂತು. ಒಮ್ಮೆ ಫೇಲಾಗಿದ್ದವಳು, ಈ ಸಲವೂ ಹೋದರೆ ಒಂದು ವರ್ಷವೇ ಹಾಳು. ಅವಳ ಗ್ರಾಫ್ ಮ್ಯಾನ್ಯುಯಲ್ಲಿಗೆ ಹೊಂದಲಿಲ್ಲ. ಅಲ್ಲಿ ಪಲ್ಸ್‌ಗಳು ಒಂದು ಸಣ್ಣ, ಒಂದು ದಪ್ಪ. ಇವಳು ಬರೆದವೆಲ್ಲ ಒಂದೇ ಅಳತೆ.

“ಏನಮ್ಮಾ ಇದು? ಮ್ಯಾನ್ಯುಯಲ್ ನೋಡೇ ಇಲ್ವಾ ನೀನು?” ಎಂದು ಸಿಡುಕಿದೆ.

“ಸ್ಕ್ರೀನ್ ಮೇಲೆ ಹಿಂಗೇ ಬಂತು ಮೇಡಂ,” ಎಂದಳು. ಕಣ್ಣು ತುಂಬಿತ್ತು.

ನಾನು ಕೆಂಪು ಪೆನ್ನಿನಲ್ಲಿ ಗ್ರಾಫಿಗೆ ಅಡ್ಡಗೆರೆ ಎಳೆದೆ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕ ಶೇಖರಪ್ಪನವರು ಸಹಿ ಹಾಕಲು ಹಾಳೆ ಎಳೆದುಕೊಂಡರು. ಅಷ್ಟರಲ್ಲಿ ಕಾಡಪ್ಪನವರು ಮೇಜಿನ ಬಳಿ ಬಂದರು. ಗ್ರಾಫ್ ನೋಡಿದರು, ಮ್ಯಾನ್ಯುಯಲ್ ನೋಡಿದರು, ಹೋಗಿ ಪರದೆ ನೋಡಿ ಬಂದರು. ಅವರ ಮುಖ ಸಪ್ಪಗಾಗಿತ್ತು.

“ಸಹಿ ಹಾಕಬ್ಯಾಡ್ರಿ ಸರ್. ಹುಡುಗಿ ಬರ್ದಿದ್ದು ಖರೆ ಐತಿ. ನನ್ನ ಚಿತ್ರನ ತಪ್ಪೈತಿ. ವಿಡ್ತ್ ಚಿತ್ರ ಕೆಳಗಿಟ್ಟು ಅದರ ಮ್ಯಾಲೆ ಹಾಳಿ ಹಾಸಿ ಇದನ್ನ ಬರ್ದಿದ್ದೆ, ಅಗಲ ಹಂಗ ಉಳದ್‌ಬಿಟ್ಟೈತಿ.”

“ಎಷ್ಟು ವರ್ಷದ್ದು ಈ ಚಿತ್ರ?” ಎಂದರು ಶೇಖರಪ್ಪನವರು.

“ಹದಿನಾಲ್ಕು ವರ್ಷ ಆತ್ರಿ.”

ಕಾಡಪ್ಪನವರು ತಲೆ ತಗ್ಗಿಸಲಿಲ್ಲ. ತಗ್ಗಿಸಿದವಳು ನಾನು. ಬಸ್ಸಿನ ಮಾತನ್ನು ನಾನೂ ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ, ಹೇಳಿ ಬಂದು ಲ್ಯಾಬಿನಲ್ಲಿ ಸಣ್ಣ ದಪ್ಪ ಬಸ್ಸುಗಳಿಗೆ ಅಂಕ ಹಾಕುತ್ತಿದ್ದೆ. ನಾಚಿಕೆಯಿಂದ ಹಿಡಿಯಷ್ಟಾದೆ. ಅಡ್ಡಗೆರೆಯನ್ನು ರದ್ದು ಮಾಡಿ, ಪಕ್ಕದಲ್ಲಿ ಸಹಿ ಹಾಕಿ, ಗ್ರಾಫಿಗೆ ಪೂರ್ತಿ ಅಂಕ ಕೊಟ್ಟೆ. ಪ್ರತಿಭಾ ಪಾಸಾದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕಾಡಪ್ಪನವರು ಒಂದೊಂದೇ ಮ್ಯಾನ್ಯುಯಲ್ ತೆಗೆದು ಆ ತಪ್ಪು ಚಿತ್ರದ ಹಾಳೆ ಕಿತ್ತರು. ಪ್ರತಿಭಾಳನ್ನು ಕರೆಸಿ, ಪರದೆಯ ಮುಂದೆ ಕೂರಿಸಿ ಹೊಸ ಚಿತ್ರ ಬರೆಸಿದರು. ಅವಳು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಚಿತ್ರದ ಕೆಳಗೆ ತಮ್ಮ ಹೆಸರು ಬರೆಯುತ್ತಿದ್ದ ಜಾಗದಲ್ಲಿ ಊರಿ ಕೇಳಿದರು:

“ನಿನ್ನ ಇನಿಷಿಯಲ್ ಏನವ್ವಾ?”